ಟವೆಲ್ ಕೆಳಗಿನ ಮಾತು

“ಅಪ್ಪಾ, ಟವೆಲ್ ತಗೊಂಡು ಒಂದ್ನಿಮಿಷ ಬಾ!” ಎಂದು ಮಗಳು ಕೂಗಿದಾಗ ನಾನು ಕ್ಯಾಮೆರಾ ಕಣ್ಣಿಗೆ ಬೀಳದಂತೆ ಬಾಗಿಲ ಹಿಂದೆ ನಿಂತಿದ್ದೆ. ಬೆಂಗಳೂರಿನ ಕಾಲೇಜೊಂದರ ಇಂಟರ್‌ನ್ಯಾಷನಲ್ ಬಿಸಿನೆಸ್ ಪದವಿಗೆ ಅವಳ ಆನ್‌ಲೈನ್ ಸಂದರ್ಶನ ನಡೆದಿತ್ತು. ಇರುವ ಸೀಟು ಕೆಲವೇ, ಕೇಳುವವರು ನೂರಾರು. ಭಾಷೆ ಬಾರದವರ ಜೊತೆ ವ್ಯಾಪಾರ ಕುದುರಿಸುವುದು ಹೇಗೆಂದು ಅವಳನ್ನು ಕೇಳಿದ್ದರಂತೆ.

ನಾನು ಶ್ರೀನಿವಾಸಪುರದ ಮಂಡಿಯಲ್ಲಿ ಮಾವು ಕೊಳ್ಳುವವನು. ಪಕ್ಕದವರಿಗೆ ಗೊತ್ತಾಗದಂತೆ ಟವೆಲ್ ಕೆಳಗೆ ಕೈ ಹಿಡಿದು, ಬೆರಳು ಒತ್ತಿಯೇ ದರ ಹೇಳುವುದು ನಮ್ಮ ರೂಢಿ. ಅಳುಕುತ್ತಲೇ ಹೋಗಿ ಕುಳಿತೆ. ಮಗಳು ಈ ರೂಢಿಯನ್ನು ಅವರಿಗೆ ಇಂಗ್ಲಿಷಿನಲ್ಲಿ ವಿವರಿಸಿ, ನನ್ನ ಕೈ ಮೇಲೆ ಟವೆಲ್ ಹೊದಿಸಿ, ತನ್ನ ಕೈಯನ್ನೂ ಒಳಗಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ನಾನು ತಲೆಯಾಡಿಸಿದೆ.

ಪರದೆಯಲ್ಲಿದ್ದ ಮೇಷ್ಟ್ರು ಮುಂದಕ್ಕೆ ಬಾಗಿ, ಕನ್ನಡದಲ್ಲೇ “ಎಷ್ಟಕ್ಕೆ ಮುಗೀತು?” ಎಂದರು.

“ಅದನ್ನ ಮೂರನೆಯೋರ್ಗೆ ಹೇಳಂಗಿಲ್ಲ ಸಾರ್,” ಎಂದೆ. ಅವರು ಮನಸಾರೆ ನಕ್ಕರು.

ಸೀಟು ಸಿಕ್ಕಿತು, ಅವಳೀಗ ಹಾಸ್ಟೆಲಿನಲ್ಲಿದ್ದಾಳೆ. ಆದರೆ ಅವತ್ತು ಟವೆಲ್ ಕೆಳಗೆ ಅವಳು ಯಾವ ದರವನ್ನೂ ಹೇಳಿರಲಿಲ್ಲ. ಚಿಕ್ಕವಳಿದ್ದಾಗ ರಸ್ತೆ ದಾಟುವಾಗ ಹಿಡಿಯುತ್ತಿದ್ದ ಹಾಗೆ, ಐದೂ ಬೆರಳುಗಳಿಂದ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಅಷ್ಟೆ.