ಮರಿ ಹಾಕುವ ಯಂತ್ರವೂ ನಮ್ಮ ನೂಪುಟ್ಟಿನ ಒರಳೂ

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ವಿರಾಜಪೇಟೆಯ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ನನ್ನ ಮೈದುನ ಬಾಳೆಲೆ ಊರಿನ ನಮ್ಮ ಮನೆಗೆ ರಜೆಗೆ ಬಂದಾಗಲೆಲ್ಲ ಏನಾದರೊಂದು ವಿಚಿತ್ರ ಹೊತ್ತು ತರುತ್ತಿದ್ದ. ಆ ಸಲ ತಂದದ್ದು ಮರಿ ಹಾಕುವ ಯಂತ್ರದ ಸುದ್ದಿ.

"ತನ್ನಂಥದ್ದನ್ನೇ ತಾನು ಮಾಡಿಕೊಳ್ಳೋ ಯಂತ್ರ ಆಗಬಹುದಾ ಅಂತ ಹೊರದೇಶದಲ್ಲಿ ಯೋಚನೆ ಮಾಡ್ತಿದ್ದಾರೆ ಅತ್ತಿಗೆ. ನಕಲಲ್ಲಿ ಸಣ್ಣ ತಪ್ಪು ಬರುತ್ತೆ. ಒಳ್ಳೇ ತಪ್ಪು ಉಳಿಯುತ್ತೆ, ಕೆಟ್ಟದ್ದು ಸಾಯುತ್ತೆ. ಹೀಗೇ ತಲೆಮಾರು ಕಳೆದರೆ ಜೀವಿಗಳ ಹಾಗೆ ಅವೂ ಬದಲಾಗ್ತಾವೆ."

"ಬಾಣಂತನ ಯಾರು ಮಾಡ್ತಾರಂತೆ?" ಅಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ. ಜೀವ ಕೊಡುವುದು ದೇವರ ಕೆಲಸ. ಅದನ್ನು ಕಬ್ಬಿಣಕ್ಕೆ ವಹಿಸುವವರ ಮೇಲೆ ನನಗೆ ಅನುಮಾನ.

ಆಗ ನನ್ನ ಚಿಂತೆಯೆಲ್ಲ ಅತ್ತೆಯದು. ಮಣಿಕಟ್ಟಿನ ನೋವಿನಿಂದ ಅವರಿಗೆ ನೂಪುಟ್ಟು, ಅಂದರೆ ನಮ್ಮ ಕಡೆಯ ಒತ್ತುಶಾವಿಗೆ, ಒತ್ತಲು ಆಗುತ್ತಿರಲಿಲ್ಲ. ಅಕ್ಕಿಹಿಟ್ಟನ್ನು ಎಳೆಯೆಳೆಯಾಗಿ ಇಳಿಸುವ ಆ ಮರದ ಒರಳೊಂದನ್ನೇ ಅವರು ನನಗೆ ಬಿಟ್ಟುಕೊಡದೆ ಇಟ್ಟುಕೊಂಡಿದ್ದದ್ದು. ಅದೂ ಹೋದರೆ ಅಡುಗೆಮನೆಯ ಕಡೆಗೇ ಬರಲಿಕ್ಕಿಲ್ಲ ಎಂಬ ಹೆದರಿಕೆ ನನಗೆ.

ಹಳೆಯ ಒರಳು ಸೀಳಿಹೋಗಿದ್ದರಿಂದ ಹೊಸದು ಮಾಡಲು ಹೇಳಿದ್ದೆವು. ನಮ್ಮ ಆಚಾರಿ ಅಳತೆಪಟ್ಟಿ ಮುಟ್ಟುವವನಲ್ಲ. ಹಳೆಯದಕ್ಕೆ ಕಾಡುಬಳ್ಳಿ ಹಿಡಿದು, ಅದರ ಉದ್ದಕ್ಕೆ ಗಂಟು ಹಾಕಿ, ಹೊಸ ಮರವನ್ನು ಗಂಟಿನವರೆಗೆ ಕೊಯ್ಯುವವ. ಊರಿನ ಒರಳುಗಳೆಲ್ಲ ಹೀಗೆ ಒಂದರಿಂದ ಒಂದು ಹುಟ್ಟಿದವು. ಈ ಸಲ ಗಂಟು ಮರೆತು ಬಳ್ಳಿಯ ತುದಿಗೇ ಕೊಯ್ದಿದ್ದ. ಒತ್ತುವ ಹಿಡಿ ಹಳೆಯದಕ್ಕಿಂತ ಒಂದು ಗೇಣು ಹೆಚ್ಚು ಉದ್ದವಾಗಿತ್ತು. ಬೇಕೆಂದೇ ಉಡಾಫೆ ಮಾಡಿದ್ದಾನೆ ಎಂದುಕೊಂಡು, ಬಂದು ಕೊಯ್ದು ಸರಿಮಾಡಲಿ ಎಂದು ಹೇಳಿಕಳಿಸಿದೆ.

ಮರುದಿನ ಬೆಳಿಗ್ಗೆ ಅವನು ಗರಗಸ ಹಿಡಿದು ಬರುವಷ್ಟರಲ್ಲಿ ಅತ್ತೆ ಒರಳಿನ ಮುಂದೆ ಕೂತಾಗಿತ್ತು. ಉದ್ದ ಹಿಡಿಯ ತುದಿಗೆ ಬರೀ ಅಂಗೈ ಇಟ್ಟು ಒತ್ತಿದರು. ಮಣಿಕಟ್ಟಿಗೆ ಭಾರ ಬೀಳದೆ ಎಳೆ ಸಲೀಸಾಗಿ ಇಳಿಯಿತು.

"ಮುಟ್ಟು ನೋಡುವಾ, ನಿನ್ನ ಕೈ ಕೊಯ್ತೇನೆ!" ಎಂದು ಆಚಾರಿಯನ್ನು ಗದರಿದರು.

ಮೈದುನ ಕುಣಿದ. "ನೋಡಿದಿರಾ ಅತ್ತಿಗೆ, ತಪ್ಪಿದ ನಕಲೇ ಉಳೀತು! ಇನ್ನು ಊರವರೆಲ್ಲ ಇದರ ನಕಲೇ ಕೇಳ್ತಾರೆ."

"ಉಳಿಸಿದ್ದು ಅತ್ತೆ ಕಣಪ್ಪಾ. ಕೈ ನೋಯೋರು ಒಬ್ಬರಿದ್ದರು, ಉಳೀತು. ನಿನ್ನ ಯಂತ್ರಗಳ ಊರಲ್ಲಿ ಯಾವುದು ಒಳ್ಳೇ ತಪ್ಪು ಅಂತ ಹೇಳೋರು ಯಾರು?"

"ಕಾಡಿನ ಪ್ರಾಣಿಗಳಿಗೆ ಯಾರು ಹೇಳ್ತಾರೆ?"

"ದೇವರು," ಅಂದೆ. ಯಾರ ನೋವೂ ತಿಳಿಯದೆ ತಮ್ಮಷ್ಟಕ್ಕೆ ಹೆಚ್ಚುತ್ತ ಹೋಗುವ ವಸ್ತುಗಳನ್ನು ನಾನು ಇವತ್ತಿಗೂ ನಂಬುವುದಿಲ್ಲ. ಗರಗಸಕ್ಕಿಂತ ಮೊದಲು ಅತ್ತೆ ಎದ್ದದ್ದು ಆ ದಿನದ ಮಟ್ಟಿಗೆ ನಮ್ಮ ಕೊಡಗಿನ ದೇವರು ಇಗ್ಗುತ್ತಪ್ಪನ ದಯೆ. ಅವರು ಇನ್ನೊಂದು ಮುದ್ದೆ ಹಿಟ್ಟು ಕೇಳಿದರು, ಕೊಟ್ಟೆ.