ವಾಪಸ್ ಕೊಡದ ಬಿಲ್ಲೆ

ಮೊನ್ನೆ ಸೊಸೆ ಮೊಮ್ಮಗನ ಕೂಸಿಗೆಂದು ಒಣದ್ರಾಕ್ಷಿ ಕುದಿಸುತ್ತಿದ್ದಳು. ಕೂಸಿಗೆ ಮೂರು ದಿನದಿಂದ ಹೊಟ್ಟೆ ಕಟ್ಟಿತ್ತು. ಸಿಂಧನೂರಿನಲ್ಲಿ ಈಗ ಓಣಿಗೊಂದು ದವಾಖಾನೆ ಇದೆ, ಆದರೂ ಕೂಸಿನ ಹೊಟ್ಟೆಗೆ ಒಣದ್ರಾಕ್ಷಿಯೇ ಆಗಬೇಕು. ಅದರ ವಾಸನೆ ಪಡಸಾಲೆಯತನಕ ಬಂತು. ಸಿಹಿ, ಸ್ವಲ್ಪ ಹುಳಿ, ಬಿಸಿನೀರಿನಲ್ಲಿ ಬಟ್ಟೆ ನೆನೆದಂಥ ವಾಸನೆ. ಮನೆಯವರಿಗೆಲ್ಲ ಅದು ಔಷಧಿ. ನನಗೆ ಅದು ಮಸ್ಕಿಯ ಕಿರಿಸ್ತಾನರ ದೇವಾಲಯದ ಭಾನುವಾರ ಬೆಳಗು… ಮತ್ತು ನಮ್ಮ ಬಾಜೂಮನೆಯ ಆಯಿ.

ನಾನು ನಾಲ್ಕನೇ ಜಮಾತಿನತನಕ ಕಲಿತವಳು. ಚಂದ ಮಾಡಿ ಬರೆಯಲು ಬರುವುದಿಲ್ಲ. ನಡೆದದ್ದನ್ನು ಬರೆಯುತ್ತೇನೆ.

ಆಗ ಮಸ್ಕಿಯಲ್ಲಿ ಗುಡ್ಡದ ಬದಿಗೆ, ಊರಿಗೆ ತುಸು ಹೊರಗೆ, ಕಿರಿಸ್ತಾನರ ಹದಿನೈದಿಪ್ಪತ್ತು ಮನೆಗಳಿದ್ದವು. ನಮ್ಮದು ಪ್ರೆಸ್ಬಿಟೇರಿಯನ್ ಸಭೆ. ಆ ಮಾತು ನಮ್ಮ ನಾಲಿಗೆಗೆ ತಿರುಗುತ್ತಿರಲಿಲ್ಲ, ಹಿರಿಯರ ಸಭೆ ಎನ್ನುತ್ತಿದ್ದೆವು. ಮೂವರು ಹಿರಿಯರು ಕೂತು ಹೇಳಿದ್ದೇ ಅಲ್ಲಿ ಕಾನೂನು. ಅವರಲ್ಲಿ ನಮ್ಮಪ್ಪ ಒಬ್ಬ. ಪಾದ್ರಿಗಳು ಇರುತ್ತಿದ್ದದ್ದು ಲಿಂಗಸೂಗೂರಿನಲ್ಲಿ. ವರ್ಷಕ್ಕೆ ನಾಲ್ಕು ಸಲ ಬಂದು, ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ರಾತ್ರಿ ಭೋಜನ ಮಾಡಿಸಿ ಹೋಗುತ್ತಿದ್ದರು. ಬೆಳಗಿನ ಬಿಸಿಲಿನಲ್ಲಿ ಕೂತು ಉಂಡರೂ ಅದಕ್ಕೆ ರಾತ್ರಿ ಭೋಜನ ಎಂದೇ ಹೆಸರು. ಯಾಕೆ ಎಂದು ಕೇಳಿ ಒಮ್ಮೆ ಅಪ್ಪನಿಂದ ಏಟು ತಿಂದಿದ್ದೆ.

ಆ ಊಟ ಎಲ್ಲರಿಗೂ ಸಿಗುತ್ತಿರಲಿಲ್ಲ. ಹಿಂದಿನ ದಿನ, ಶನಿವಾರ ಸಂಜೆ, ಹಿರಿಯರು ಮನೆಮನೆಗೆ ಬರುತ್ತಿದ್ದರು. ಕುಡಿದವರು ಯಾರು, ಹೆಂಡತಿಯನ್ನು ಹೊಡೆದವರು ಯಾರು, ಸುಳ್ಳು ಹೇಳಿದವರು ಯಾರು ಎಂದು ವಿಚಾರಿಸಿ, ಸರಿ ಇದ್ದವರ ಕೈಗೆ ಒಂದು ಸೀಸದ ಬಿಲ್ಲೆ ಇಡುತ್ತಿದ್ದರು. ಒಂದು ಬದಿಗೆ ಬಟ್ಟಲಿನ ಗುರುತು, ಇನ್ನೊಂದು ಬದಿ ಬೋಳು. ಮರುದಿನ ಆ ಬಿಲ್ಲೆಯನ್ನು ಅಪ್ಪನ ಚೀಲಕ್ಕೆ ಹಾಕಿದವರಿಗೆ ಮಾತ್ರ ಮೇಜಿನ ಹತ್ತಿರ ಜಾಗ. ಬಿಲ್ಲೆ ಇಲ್ಲದವರು ಬಾಗಿಲ ಹತ್ತಿರ ಚಾಪೆಯ ಮೇಲೆ.

ಆ ಮೇಜಿಗೆ ರೊಟ್ಟಿ ಬಡಿಯುತ್ತಿದ್ದವಳು ಬಾಜೂಮನೆಯ ಆಯಿ. ನಮ್ಮಲ್ಲಿ ಪೇಟೆಯ ಬ್ರೆಡ್ಡು ಎಲ್ಲಿಂದ ಬರಬೇಕು? ಬಿಳಿಜೋಳದ ಎರಡು ರೊಟ್ಟಿ, ಉಪ್ಪು ಹಾಕದ್ದು. ದ್ರಾಕ್ಷಾರಸವೂ ಅವಳದೇ. ಒಣದ್ರಾಕ್ಷಿ ಕುದಿಸಿ, ಕಿವುಚಿ, ಬಿಳಿ ಬಟ್ಟೆಯಲ್ಲಿ ಸೋಸುತ್ತಿದ್ದಳು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ಒಳ್ಳೆಯ ಹೆಂಗಸು ಎಂದು ಯಾರೂ ಅವಳನ್ನು ಹೊಗಳುತ್ತಿರಲಿಲ್ಲ. ಬಾಯಿ ಕೆಟ್ಟದು. ನಮ್ಮ ಕೋಳಿ ಅವಳ ಅಂಗಳಕ್ಕೆ ಹೋದರೆ ಕೋಳಿಗೊಂದು ಬೈಗುಳ, ನಮ್ಮವ್ವಗೆ ಎರಡು. ನನ್ನನ್ನು ಕಂಡರೆ, "ಬಾ ಬೇ, ಹಿರೇರ ಮಗಳ, ನಿಮ್ಮಪ್ಪ ಇವತ್ತ ಯಾರನ್ನ ನರಕಕ್ಕ ಕಳಿಸ್ಯಾನ?" ಎಂದು ಕೇಳುತ್ತಿದ್ದಳು.

ಮಿಲಿಟರಿ ಬಂದು ನಿಜಾಮನ ರಾಜ್ಯ ಹೋದ ವರ್ಷ ನನಗೆ ಒಂಬತ್ತು. ನಿಜಾಮನ ಕಡೆಯ ರಜಾಕಾರರು ಮಾಡಿದ್ದಕ್ಕೆ ಏನೂ ಮಾಡದ ಮುಸಲ್ಮಾನರು ತೆತ್ತರು. ಕ್ರಿಸ್‌ಮಸ್ಸಿಗೆ ನಮಗೆಲ್ಲ ಲಂಗ ಹೊಲಿದುಕೊಡುತ್ತಿದ್ದ ಒಬ್ಬ ಮುಸಲ್ಮಾನ ದರ್ಜಿ ಇದ್ದ. ಅವನು ಹಳ್ಳದ ದಂಡೆಯಲ್ಲಿ ಸಿಕ್ಕ… ಹೇಗೆ ಸಿಕ್ಕ ಎನ್ನುವುದನ್ನು ಬರೆಯುವುದಿಲ್ಲ. ಅದಾದ ಎರಡನೇ ದಿನ ಅವ್ವ ನನ್ನನ್ನು ಒಲೆಗೆ ಕೆಂಡ ತರಲು ಆಯಿಯ ಮನೆಗೆ ಕಳಿಸಿದಳು. ಹೋಗಿ ನೋಡಿದರೆ ಆಯಿ ಹಗೇವಿನ ಬಾಯಿಗೆ ಚಪ್ಪಡಿ ಎಳೆಯುತ್ತಿದ್ದಳು. ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಗ್ಗಿ ನೋಡಿದೆ. ಒಳಗೆ ದರ್ಜಿಯ ಹೆಂಡತಿ ಕುಕ್ಕರುಗಾಲಲ್ಲಿ ಕೂತಿದ್ದಳು.

ಆಯಿ ಚಪ್ಪಡಿಯ ಕೆಳಗೆ ಗಾಳಿಗೆಂದು ಒಂದು ಕಟ್ಟಿಗೆಯ ಚೂರು ಸಿಕ್ಕಿಸಿ, ಮೇಲೆ ಬೀಸುವ ಕಲ್ಲು ಎಳೆದುಕೊಂಡಳು. ನನ್ನ ರಟ್ಟೆ ಹಿಡಿದು ಎದುರಿಗೆ ಕೂರಿಸಿದಳು. "ಗೂಟ ಹಿಡಿ ಬೇ. ಬೀಸು. ಅತ್ತಿ ಅಂದ್ರ ಹಲ್ಲು ಉದುರಸತೀನಿ."

ಬೀಸಿದೆ. ಆರು ಮಂದಿ ಬಂದರು. ನಾಲ್ವರು ನಮ್ಮ ಊರಿನವರೇ. ಒಳಗೆಲ್ಲ ಹುಡುಕಿದರು, ಗಡಿಗೆ ಒಡೆದರು. ಅವರಲ್ಲೊಬ್ಬ ವಯಸ್ಸಾದ ಮನುಷ್ಯ ಗೂಡಿನಲ್ಲಿದ್ದ ಬೈಬಲ್ ತಂದು ಆಯಿಯ ಮುಂದೆ ಹಿಡಿದ. "ಕಿರಿಸ್ತಾನರು ಈ ಪುಸ್ತಕ ಮುಟ್ಟಿ ಸುಳ್ಳ ಹೇಳಂಗಿಲ್ಲ. ಮುಟ್ಟಿ ಹೇಳು, ಆಕಿ ಇಲ್ಲಿ ಅದಾಳೋ ಇಲ್ಲೋ?"

ಆಯಿ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡಳು. ಪುಸ್ತಕದ ಮೇಲೆ ಇಟ್ಟಳು. "ದೇವರಾಣೆ, ಈ ಮನ್ಯಾಗ ನಾನು, ಈ ಕೂಸು, ಇಬ್ಬರ ಬಿಟ್ಟರ ಯಾರೂ ಇಲ್ಲ."

ಹೋದರು. ನಂಬಿ ಹೋದರು. ಪುಸ್ತಕದ ರಟ್ಟಿನ ಮೇಲೆ ಐದು ಬೆರಳಿನ ಹಿಟ್ಟು ಮೂಡಿತ್ತು. ದರ್ಜಿಯ ಹೆಂಡತಿಯನ್ನು ಮೇಲೆತ್ತಿದಾಗ ಅವಳ ತುಟಿ ನೀಲಿಯಾಗಿತ್ತು, ವಾಂತಿ ಮಾಡಿಕೊಂಡಳು. ಆ ವಾರವೇ ಅವಳ ತಮ್ಮ ಬಂದು ರಾಯಚೂರಿನ ಕಡೆಗೆ ಕರೆದುಕೊಂಡು ಹೋದ. ಆಮೇಲೆ ಅವಳ ಸುದ್ದಿ ಗೊತ್ತಿಲ್ಲ.

"ಬಾಯಿ ಮುಚಗೊಂಡಿರು" ಎಂದು ಆಯಿ ಹೇಳಿದ್ದಳು. ಎರಡು ತಿಂಗಳು ಮುಚ್ಚಿಕೊಂಡಿದ್ದೆ. ಆಮೇಲೆ ಒಂದು ಭಾನುವಾರ ಮಕ್ಕಳ ಪಾಠದಲ್ಲಿ ಸುಳ್ಳು ಸಾಕ್ಷಿ ಹೇಳಬಾರದೆಂಬ ಆಜ್ಞೆ ಬಂತು. ಆಣೆ ಮಾಡಿ ಸುಳ್ಳು ಹೇಳುವುದು ಎಂದರೇನು, ಯಾರಿಗಾದರೂ ಗೊತ್ತೇ ಎಂದು ಪಾಠ ಹೇಳುವವರು ಕೇಳಿದರು. ನಾನು ಕೈ ಎತ್ತಿದೆ. ಕೇಳಿದ್ದಕ್ಕೆಲ್ಲ ಮೊದಲು ಕೈ ಎತ್ತುವ ಹುಡುಗಿ ನಾನು. ಎಲ್ಲ ಹೇಳಿದೆ. ಹಗೇವು, ಚಪ್ಪಡಿ, ಹಿಟ್ಟಿನ ಬೆರಳು, ಎಲ್ಲ. ಹೇಳುವಾಗ ನನಗೆ ಹೆಮ್ಮೆಯಾಗಿತ್ತು ಎನ್ನುವುದನ್ನೂ ಬರೆದುಬಿಡುತ್ತೇನೆ. ಶಭಾಷ್ ಅನ್ನುತ್ತಾರೆ ಎಂದುಕೊಂಡಿದ್ದೆ.

ಸಂಜೆಯೊಳಗೆ ಕೇರಿಗೆ ಗೊತ್ತಾಯಿತು, ಎರಡು ದಿನದೊಳಗೆ ಊರಿಗೆ. ಬೈಬಲ್ ಹಿಡಿದಿದ್ದ ಆ ಮನುಷ್ಯ ಸಂತೆಯಲ್ಲಿ ನಮ್ಮಪ್ಪನನ್ನು ನಿಲ್ಲಿಸಿ, "ಏನ್ರೀ ಹಿರೇರ, ನಿಮ್ಮ ಪುಸ್ತಕದ ಆಣಿನೂ ನಮ್ಮ ಸುಳ್ಳ ಬಾಯಿಯಂಗ ಆತಲ್ಲ!" ಎಂದು ನಕ್ಕನಂತೆ. ಅಪ್ಪ ಮನೆಗೆ ಬಂದು ಉಣ್ಣಲಿಲ್ಲ.

ಮೂವರು ಹಿರಿಯರು ನಮ್ಮ ಪಡಸಾಲೆಯಲ್ಲೇ ಕೂತು ಆಯಿಯನ್ನು ಕರೆಸಿದರು. ನಾನು ಒಳಗೆ ಬಾಗಿಲ ಸಂದಿಯಲ್ಲಿದ್ದೆ. ಅಪ್ಪ ಕೆಟ್ಟವನಲ್ಲ. ಮೆಲ್ಲಗೇ ಹೇಳಿದ. "ನಮಗ ಹೊಲ ಇಲ್ಲ, ಕುಲ ಇಲ್ಲ. ಕಚೇರ್ಯಾಗ, ಸಂತ್ಯಾಗ ನಮಗಂತ ಇರೋದು ಒಂದಽ, ಕಿರಿಸ್ತಾನರ ಮಾತು ಖರೇ ಅಂಬೋ ಬೆಲಿ. ಅದನ್ನ ನೀ ಕಳದಿ."

"ಆ ಬೆಲಿ ಇದ್ದದ್ದಕ್ಕಽ ಆಕಿ ಉಳದಳು," ಎಂದಳು ಆಯಿ. "ಬೆಲಿ ಅಂತ ಇಟಗೊಂಡು ಮತ್ತ ಏನ ಮಾಡಾವರಿದ್ರಿ? ಉಪ್ಪಿನಕಾಯಿ ಹಾಕತಿದ್ರೇನು?"

ಇನ್ನೊಬ್ಬ ಹಿರಿಯರು, "ತಪ್ಪಾತು ಅಂತ ಒಂದು ಮಾತು ಸಭೆ ಮುಂದ ಅನ್ನು. ಅಷ್ಟಽ. ಬಿಲ್ಲಿ ಕೊಡತೀವಿ," ಎಂದರು.

"ತಪ್ಪಾತು ಅಂತ ನನಗ ಅನಸಿಲ್ಲ. ಅನಸದಽ ಅಂದ್ರ ಅದು ಎರಡನೇ ಸುಳ್ಳಾಗತೈತಿ. ಮೊದಲನೇದು ಒಂದು ಜೀವಕ್ಕ ಹೇಳೀನಿ. ಎರಡನೇದು ಒಂದು ತುತ್ತು ರೊಟ್ಟಿಗೆ ಹೇಳಲ್ಯಾ?"

ಆ ಕ್ರಿಸ್‌ಮಸ್ಸಿಗೆ ಅವಳಿಗೆ ಬಿಲ್ಲೆ ಸಿಗಲಿಲ್ಲ. ಅವಳಿಗೆ ಅದು ಸಣ್ಣ ಮಾತು ಎಂದು ಯಾರೂ ತಿಳಿಯಬಾರದು. ಗಂಡ ಸತ್ತ ಮೇಲೆ ಅವಳಿಗೆ ಇದ್ದ ಪಂಕ್ತಿ ಅದೊಂದೇ. ಬೇರೆ ಯಾರ ಸಾಲಿನಲ್ಲೂ ಅವಳಿಗೆ ಎಲೆ ಹಾಕುತ್ತಿರಲಿಲ್ಲ.

ಆದರೆ ರೊಟ್ಟಿ? ರೊಟ್ಟಿಯನ್ನು ಅವಳೇ ಬಡಿದು ತಂದಳು. ಬೇಡ ಎಂದು ಯಾರೂ ಹೇಳಲಿಲ್ಲ. ಬಡಿಯುವುದಕ್ಕೆ ಬಿಲ್ಲೆ ಬೇಕಿರಲಿಲ್ಲ, ತಿನ್ನುವುದಕ್ಕೆ ಬೇಕಿತ್ತು. ದರ್ಜಿಯ ಹೆಂಡತಿಯ ತಲೆಯ ಮೇಲೆ ತಿರುಗಿದ ಅದೇ ಕಲ್ಲಿನಲ್ಲಿ ಬೀಸಿದ ಹಿಟ್ಟು. ಬುಟ್ಟಿಯನ್ನು ಮೇಜಿನ ಮೇಲಿಟ್ಟು, ಮೇಲೆ ಬಿಳಿ ಅರಿವೆ ಮುಚ್ಚಿ, ಹಿಂದೆ ಬಂದು ಬಾಗಿಲ ಹತ್ತಿರ ಚಾಪೆಯ ಮೇಲೆ ಕೂರುತ್ತಿದ್ದಳು. ಪಕ್ಕದಲ್ಲಿ ಹೆಂಡ ಕುಡಿದು ಬಿಲ್ಲೆ ಕಳಕೊಂಡ ಗಂಡಸರು. ಅವರಾದರೂ ಮುಂದಿನ ಸಲ ತಪ್ಪಾಯಿತು ಎಂದು ಮುಂದೆ ಹೋಗಿಬಿಡುತ್ತಿದ್ದರು. ಇವಳು ಅಲ್ಲೇ. ವರ್ಷಕ್ಕೆ ನಾಲ್ಕು ಸಲ, ಏಳು ವರ್ಷ.

ಒಮ್ಮೆ, ಹನ್ನೆರಡು ಹದಿಮೂರು ವಯಸ್ಸಿದ್ದಾಗ, ನಾನು ಅವಳ ಹತ್ತಿರ ಹೋಗಿ, "ಆಯಿ, ನಾ ಹೇಳಬಾರದಿತ್ತು," ಎಂದೆ. ಅಳುತ್ತಿದ್ದೆ. ಅವಳು ನನ್ನನ್ನು ತಬ್ಬಿಕೊಳ್ಳಲಿಲ್ಲ. "ನೀ ಖರೇನಽ ಹೇಳಿದಿ. ಖರೇ ಹೇಳಿದವರು ಯಾಕ ಅಳತಾರ? ಹೋಗು, ಕೊಡ ತಗೊಂಡು ನೀರ ತಾ," ಎಂದಳು. ತಂದುಕೊಟ್ಟೆ. ಅದಕ್ಕಿಂತ ಹೆಚ್ಚಿಗೆ ಏನೂ ಆಗಲಿಲ್ಲ.

ಹದಿನೈದಕ್ಕೆ ನನಗೆ ಮೊದಲ ಬಿಲ್ಲೆ ಸಿಕ್ಕಿತು. ಭಾನುವಾರ ಬೆಳಿಗ್ಗೆ ಮಿಂದು, ಬಿಳಿ ಸೀರೆ ಉಟ್ಟು, ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ಹೋದೆ. ಕೈ ಬೆವರಿ ಸೀಸದ ವಾಸನೆ ಹತ್ತಿತ್ತು. ಅಪ್ಪನ ಚೀಲಕ್ಕೆ ಹಾಕಿದೆ. ಪಾದ್ರಿಗಳು ರೊಟ್ಟಿ ಮುರಿದರು. ಜೋಳದ ರೊಟ್ಟಿ, ಪಟ್ ಎಂದು ಸಪ್ಪಳವಾಯಿತು. ಬಾಯಲ್ಲಿಟ್ಟೆ, ಉಪ್ಪಿಲ್ಲ. ಬಟ್ಟಲು ಬಂತು, ಒಂದು ಗುಟುಕು ಕುಡಿದೆ. ತಿರುಗಿ ನೋಡಿದರೆ ಬಾಗಿಲ ಹತ್ತಿರದಿಂದ ಆಯಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಆಸೆಯಿಂದ ನೋಡುತ್ತಿದ್ದಾಳೆ ಎಂದುಕೊಂಡು ಮುಖ ತಿರುಗಿಸಿಕೊಂಡೆ. ಆರಾಧನೆ ಮುಗಿದು ಹೊರಗೆ ಬಂದಾಗ ಅವಳು ಕೇಳಿದ್ದು ಇಷ್ಟು: "ರೊಟ್ಟಿ ಹಸಿ ಇತ್ತೇನ ಬೇ? ಕಟ್ಟಿಗಿ ಹಸೇವಿದ್ದವು."

ಅವಳು ಬಡಿದ ರೊಟ್ಟಿ ಹೇಗಿತ್ತು ಎಂದು ಅವಳಿಗೆ ಗೊತ್ತಾಗುವ ದಾರಿ ಬೇರೆ ಇರಲಿಲ್ಲ…

ಮುಂದಿನ ವರ್ಷ ಮಳೆಗಾಲದಲ್ಲಿ ಅವಳಿಗೆ ವಾಂತಿಭೇದಿ ಹತ್ತಿತು. ಆ ಭಾನುವಾರ ಕರ್ತನ ರಾತ್ರಿ ಭೋಜನ ಇತ್ತು. ಶನಿವಾರ ಸಂಜೆ ಅಪ್ಪ ಚೀಲ ಹೆಗಲಿಗೆ ಹಾಕಿಕೊಂಡು ಎಲ್ಲ ಮನೆ ಮುಗಿಸಿ, ಕಡೆಗೆ ಒಬ್ಬನೇ ಆಯಿಯ ಮನೆಗೆ ಬಂದ. ನಾನು ಅವಳಿಗೆ ಗಂಜಿ ಕುಡಿಸುತ್ತಿದ್ದೆ. ಅಪ್ಪ ಏನೂ ಕೇಳಲಿಲ್ಲ. ಒಂದು ಬಿಲ್ಲೆ ತೆಗೆದು ಅವಳ ದಿಂಬಿನ ಹತ್ತಿರ ಇಟ್ಟ. "ನಾಳೆ ಪಾದ್ರಿಗಳನ್ನ ಇಲ್ಲಿಗೆ ಕರಕೊಂಡ ಬರತೀನಿ," ಎಂದು ಹೇಳಿ, ನನ್ನ ಮುಖ ನೋಡದೆ ಹೊರಟುಹೋದ.

ಅವನು ಹೋದ ಮೇಲೆ ಆಯಿ ಬಿಲ್ಲೆಯನ್ನು ಬೆರಳಿನಿಂದ ಸವರಿದಳು. ಎರಡೂ ಬದಿ. ಬಹಳ ಹೊತ್ತು ಸವರಿದಳು.

"ಉಳದ ಹಿರೇರಿಗೆ ಹೇಳ್ಯಾನೇನು ನಿಮ್ಮಪ್ಪ?"

"ಇಲ್ಲ."

"ಪಾದ್ರಿಗೆ?"

"ಇಲ್ಲ ಅನಸತೈತಿ."

"ಮತ್ತ ಇದೂ ಸುಳ್ಳಽ." ನನ್ನ ಅಂಗೈ ಎಳೆದು ಬಿಲ್ಲೆ ಇಟ್ಟು, ಬೆರಳು ಮಡಿಚಿದಳು. "ವಾಪಸ್ ಕೊಡು. ಆತನ ಕೈಲೆ ಸುಳ್ಳ ಹೇಳಿಸಿ ನಾ ಉಣ್ಣಂಗಿಲ್ಲ."

ಬೆಳಗಿನ ಜಾವಕ್ಕೆ ಸತ್ತಳು. ಪಾದ್ರಿಗಳು ಬಂದಾಗ ಬಾಯಿಗೆ ಅರಿವೆ ಕಟ್ಟಿ ಆಗಿತ್ತು. ಬಿಲ್ಲೆ ಇಲ್ಲದವರಿಗೆ ಗಂಟೆ ಬಾರಿಸುವ ಪದ್ಧತಿ ಇರಲಿಲ್ಲ, ಬಾರಿಸಲಿಲ್ಲ. ಸ್ಮಶಾನದಲ್ಲಿ ಗಂಡನ ಪಕ್ಕದ ಜಾಗವನ್ನೂ ಕೊಡಲಿಲ್ಲ. ಬೇಲಿಯ ಬದಿಗೆ, ಜಾಲಿಗಿಡದ ಕೆಳಗೆ ಹೂಳಿದರು. ಮಳೆನೀರು ನಿಂತ ಗುಂಡಿ. ಹಗೇವು ನೆನಪಾಯಿತು ನನಗೆ.

ಬಿಲ್ಲೆ ನನ್ನ ಸೆರಗಿನ ಗಂಟಿನಲ್ಲೇ ಇತ್ತು. ಕೊಡುತ್ತೇನೆ, ನಾಳೆ ಕೊಡುತ್ತೇನೆ ಎಂದುಕೊಂಡು ದಿನ ಹೋದವು. ಕೊಟ್ಟರೆ ಅಪ್ಪನ ಮುಖ ನೋಡಬೇಕಾಗುತ್ತಿತ್ತು. ಅಪ್ಪನೂ ಕೇಳಲಿಲ್ಲ. ಕೇಳಿದರೆ ಕೊಟ್ಟದ್ದನ್ನು ಒಪ್ಪಿದಂತಾಗುತ್ತಿತ್ತು. ಮುಂದಿನ ಭೋಜನದ ಹೊತ್ತಿಗೆ ಹಿರಿಯರು ಚೀಲ ಸುರುವಿ ನೋಡಿದರು. ಒಂದು ಕಡಿಮೆ.

"ಎಲ್ಲ್ಯೋ ಬಿದ್ದೈತಿ," ಎಂದ ಅಪ್ಪ. ಮೂವತ್ತು ವರ್ಷದಿಂದ ಸಭೆಯ ಹಿರಿಯನಾಗಿದ್ದ ಮನುಷ್ಯ. ದೇವಾಲಯದೊಳಗೆ ನಿಂತು ಹೇಳಿದ.

ಆ ಸಲದ ರೊಟ್ಟಿ ನಾನೇ ಬಡಿದದ್ದು. ಒಂದು ಬದಿ ಸುಟ್ಟಿತ್ತು. ಹೇಗಿತ್ತು ಎಂದು ನಾನು ಯಾರನ್ನೂ ಕೇಳಬೇಕಾಗಲಿಲ್ಲ, ನನಗೆ ಬಿಲ್ಲೆ ಇತ್ತಲ್ಲ. ಅಪ್ಪ, ನಾನು ಒಂದೇ ಸಾಲಿನಲ್ಲಿ ಕೂತು ಉಂಡೆವು. ಒಂದು ಸುಳ್ಳಿಗೆ ಅವಳನ್ನು ಏಳು ವರ್ಷ ಹೊರಗೆ ಕೂರಿಸಿದ ಮೇಜು ಅದು. ಅವನ ಸುಳ್ಳು ಅವನ ಬಾಯಲ್ಲಿ, ನನ್ನದು ನನ್ನ ಸೆರಗಿನಲ್ಲಿ.

ಮರುವರ್ಷ ನನ್ನನ್ನು ಸಿಂಧನೂರಿಗೆ ಕೊಟ್ಟರು. ಅಪ್ಪ ಹೋಗಿ ಐವತ್ತು ವರ್ಷದ ಮೇಲಾಯಿತು. ಸಾಯುವತನಕ ಆ ಮಾತು ನಾವಿಬ್ಬರೂ ಎತ್ತಲಿಲ್ಲ. ಈಗ ನಮ್ಮ ಸಭೆಯಲ್ಲಿ ಬಿಲ್ಲೆ ಎಂಬುದೇ ಇಲ್ಲ. ಬೇಕರಿಯ ಬ್ರೆಡ್ಡು, ಒಬ್ಬೊಬ್ಬರಿಗೂ ಬೇರೆ ಬೇರೆ ಸಣ್ಣ ಲೋಟ. ಬಂದವರಿಗೆಲ್ಲ ಕೊಡುತ್ತಾರೆ, ಏನೂ ಕೇಳುವುದಿಲ್ಲ.

ಮೊನ್ನೆ ಆ ವಾಸನೆಗೆ ಎದ್ದುಹೋಗಿ ಟ್ರಂಕಿನ ತಳದಿಂದ ಬಿಲ್ಲೆ ತೆಗೆದೆ. ಬಟ್ಟಲಿನ ಗುರುತು ಅಳಿಸಿದೆ, ಈಗ ಎರಡೂ ಬದಿ ಬೋಳು. "ಏನದು ಅತ್ತಿ?" ಎಂದಳು ಸೊಸೆ. "ಎಲ್ಲ್ಯೋ ಬಿದ್ದಿತ್ತು," ಎಂದೆ. ಅವಳು ಕೂಸಿಗೆ ದ್ರಾಕ್ಷಿಯ ನೀರು ಕುಡಿಸಲು ಹೋದಳು.

ವಾಪಸ್ ಕೊಡು ಎಂದಿದ್ದಳು ಆಯಿ. ತೆಗೆದುಕೊಳ್ಳುವವರು ಯಾರೂ ಉಳಿದಿಲ್ಲ.