ಮೇಷ್ಟ್ರ ಹಾಳೆಗಳಿಂದ ಮಾಡಿದ ತಾವರೆ

ಪದ್ಮಜಾ, ನಿನ್ನ ಅಪ್ಪ ಬರೆದಿಟ್ಟ ಹಾಳೆಗಳನ್ನು ರದ್ದಿಯವನಿಗೆ ಹಾಕಿದವಳು ನೀನಲ್ಲ. ಅವನ್ನು ಯಾರೂ ರದ್ದಿಗೆ ಹಾಕಲಿಲ್ಲ. ನಾನು ಕತ್ತರಿಸಿ ಹೂ ಮಾಡಿದೆ. ಗೊತ್ತಿಲ್ಲದೆ ಅಲ್ಲ — ಓದಿ ನೋಡಿ, ಏನೆಂದು ತಿಳಿದು, ಆಮೇಲೆ ಕತ್ತರಿ ಎತ್ತಿಕೊಂಡೆ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿನಗೆ ಕನ್ನಡ ಬಾರದು. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಓದುವ ಬೇರೆಯವರು ನನ್ನನ್ನು ಧೈರ್ಯವಂತೆ ಎಂದುಕೊಂಡಾರು.

ಬ್ಯಾಂಕಿನವನನ್ನು ಕಟ್ಟಿಕೊಂಡವಳಿಗೆ ಮೂರು ವರ್ಷಕ್ಕೊಂದು ಊರು. ಧಾರವಾಡ ಬಿಟ್ಟ ನಾವು ವಿಜಯವಾಡಕ್ಕೆ, ಪಟಮಟದ ನಿಮ್ಮ ಅಪಾರ್ಟ್‌ಮೆಂಟಿಗೆ ಬರುವ ಹೊತ್ತಿಗೆ ಅದು ನನ್ನ ಐದನೆಯ ಅಡುಗೆಮನೆ. ಹೊಸ ಊರಿನಲ್ಲಿ ನಾಲಿಗೆ ಹೊರಳುವ ಮೊದಲು ನನ್ನ ಕೈ ಮಾತಾಡಬೇಕಾಗಿತ್ತು. ಹಳೆಯ ಲಗ್ನಪತ್ರಿಕೆಯಿಂದ ದಾಸವಾಳ, ಸೀರೆ ಡಬ್ಬಿಯ ರಟ್ಟಿನಿಂದ ಸೇವಂತಿಗೆ, ಮಾತ್ರೆಯ ಖಾಲಿ ಪಟ್ಟಿಯಿಂದ ಕೇಸರ, ಮೊಟ್ಟೆಯ ಟ್ರೇಯಿಂದ ಗುಲಾಬಿ. ಆ ಗುಲಾಬಿಯನ್ನು ನಿಮ್ಮಮ್ಮ ದೇವರ ಪಕ್ಕ ಇಟ್ಟುಕೊಂಡಿದ್ದರು. ಅದು ಮೊಟ್ಟೆಯ ಟ್ರೇ ಎಂದು ತಿಳಿದ ದಿನ ಕೆನ್ನೆ ಕೆನ್ನೆ ಬಡಿದುಕೊಂಡು, ನಕ್ಕು, ಟಿವಿಯ ಮೇಲಕ್ಕೆ ವರ್ಗ ಮಾಡಿದರು. ನಾವು ಗೆಳತಿಯರಾದದ್ದು ಅಂದಿನಿಂದ. ಅವರು ಕೆಳಗಿನ ಮನೆ, ನಾನು ಮೇಲಿನ ಮನೆ. ನನಗೆ ಅವರು ಪಿನ್ನಿಗಾರು — ಚಿಕ್ಕಮ್ಮ.

ನಿನ್ನ ಅಪ್ಪನನ್ನು ನಾನು ಕಂಡವಳಲ್ಲ. ಮೇಷ್ಟ್ರಾಗಿ ನಲವತ್ತು ವರ್ಷ ಪಾಠ ಹೇಳಿದವರು ಗಂಟಲಿನ ಆಪರೇಷನ್ ಆದ ಮೇಲೆ ಒಂದೂವರೆ ವರ್ಷ ದನಿಯಿಲ್ಲದೆ ಬದುಕಿದ್ದರು. ಏನು ಬೇಕಾದರೂ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ಬರೆದು ತೋರಿಸುತ್ತಿದ್ದರಂತೆ. ಒಂದು ಮಧ್ಯಾಹ್ನ ಬೆಂಡೆಕಾಯಿ ಹೆಚ್ಚುತ್ತಾ ಪಿನ್ನಿಗಾರು ಇದನ್ನು ಹೇಳಿದ್ದರು. ಹಾಳೆಗಳನ್ನು ಇಟ್ಟುಕೊಂಡಿದ್ದೇನೆ ಎಂದು ಮಾತ್ರ ಹೇಳಿರಲಿಲ್ಲ.

ನೀನು ಶನಿವಾರ ಶನಿವಾರ ಕೊಂಡಪಲ್ಲಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಬಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಪೊರಕೆ ಹಿಡಿಯುತ್ತಿದ್ದೆ. "ಎಂದುಕಮ್ಮಾ ಈ ಚೆತ್ತಂತಾ!" — ಯಾಕಮ್ಮಾ ಈ ಕಸವೆಲ್ಲ — ಎಂಬ ನಿನ್ನ ಕೂಗು ನಮ್ಮ ಮನೆಗೂ ಕೇಳುತ್ತಿತ್ತು. ಸಂಜೆಯ ಹೊತ್ತಿಗೆ ತಾಯಿ ಮಗಳು ಒಂದೇ ತಟ್ಟೆಯಲ್ಲಿ ಊಟ ಮಾಡುವುದನ್ನೂ ನೋಡಿದ್ದೇನೆ. ನಾನು ಹಾಳು ಮಾಡಿದ್ದು ಅದನ್ನು.

ದಸರೆಗೆ ಅಪಾರ್ಟ್‌ಮೆಂಟಿನ ಹೆಂಗಸರೆಲ್ಲ ಸೇರಿ ಕೆಳಗಿನ ಹಾಲಿನಲ್ಲಿ ಗೊಂಬೆ ಕೂರಿಸುವ ವಾಡಿಕೆ. ಆ ವರ್ಷ ಅಲಂಕಾರಕ್ಕೆ ಕೊಂಡ ವಸ್ತು ಬೇಡ, ಮನೆಯ ಹಳೆಯ ಸಾಮಾನಿನಿಂದಲೇ ಮಾಡೋಣ ಎಂದರು. ದೇವಿಯ ಕೆಳಗಿನ ದೊಡ್ಡ ತಾವರೆ ನನ್ನ ಪಾಲಿಗೆ ಬಂತು. "ಕನ್ನಡದ ವದಿನ — ಅತ್ತಿಗೆ — ಕೈಗೆ ಕಸ ಕೊಟ್ಟರೂ ಹೂವಾಗುತ್ತೆ" ಎಂದು ಎಲ್ಲರೂ ಹೊಗಳಿ ಅಟ್ಟಕ್ಕೇರಿಸಿದ್ದರು. ನಾನೂ ಏರಿ ಕೂತಿದ್ದೆ.

ಗೊಂಬೆ ಕೂರಿಸುವ ಹಿಂದಿನ ದಿನ ದಳ ಸಾಲದೇ ಹೋಯಿತು. ಪಿನ್ನಿಗಾರು ಗುಡಿಗೆ ಹೊರಟವರು ಕೀಲಿಕೈ ಕೊಟ್ಟು, ಅಟ್ಟದ ಮೇಲೆ ಹಳೆಯ ಪೇಪರುಗಳಿವೆ, ತೆಗೆದುಕೋ ಎಂದರು. ಅವರು ಹೇಳಿದ್ದು ಪೇಪರ್. ಪೇಪರಿನ ಕಟ್ಟಿನ ಹಿಂದೆ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿ, ಕ್ಯಾಲೆಂಡರ್ ಹಾಳೆಗಳ ಸುರುಳಿಯಿತ್ತು. ದಪ್ಪ ಕಾಗದ — ದಳಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ನನಗೆ ಆಸೆಯಾಯಿತು.

ಮನೆಗೆ ತಂದು ಬಿಚ್ಚಿದೆ. ಹಿಂಬದಿಯಲ್ಲಿ ಬರವಣಿಗೆ. ತೆಲುಗು ಲಿಪಿ ನನಗೆ ಬಾರದು ಎಂದು ಎಲ್ಲರಿಗೂ ಹೇಳಿಕೊಂಡಿದ್ದೆ, ಆದರೆ ಕನ್ನಡದವರಿಗೆ ಅದು ಪೂರ್ತಿ ಬಾರದೇ ಇರುವುದಿಲ್ಲ. ಅಕ್ಷರಕ್ಕೆ ಅಕ್ಷರ ಕೂಡಿಸಿದರೆ ಸಾಕು. ಕೂಡಿಸಿದೆ. "ನೀಳ್ಳು." ನೀರು. "ಕಿಟಿಕಿ ತಿಯ್ಯಿ." ಕಿಟಕಿ ತೆಗೆ. ಇನ್ನೊಂದು ಹಾಳೆಯಲ್ಲಿ ಸೊಟ್ಟಂಪಟ್ಟ, ಹಾಳೆಯ ತುಂಬ — "ನುವ್ವು ತಿನ್ನಾವಾ?" ನೀನು ಊಟ ಮಾಡಿದೆಯಾ?

ಅಲ್ಲಿಗೆ ಸುತ್ತಿ, ಧೋತರದಲ್ಲಿ ಕಟ್ಟಿ, ಮೆಟ್ಟಿಲಿಳಿದು ಇಟ್ಟು ಬರಬಹುದಿತ್ತು. ಹದಿನೆಂಟು ಮೆಟ್ಟಿಲು, ಅಷ್ಟೇ. ನಾನು — ಇವನ್ನು ಯಾರು ತೆಗೆದು ನೋಡುತ್ತಾರೆ, ಅಟ್ಟದ ಮೇಲೆ ಹೇಗೂ ಗೆದ್ದಲು ತಿನ್ನುತ್ತದೆ — ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಸತ್ಯವೇನೆಂದರೆ ಮಾರನೆಯ ದಿನ ಎಲ್ಲರೂ ನನ್ನ ತಾವರೆಯನ್ನು ನೋಡಿ ಬಾಯಿ ಬಿಡುವುದು ನನಗೆ ಬೇಕಾಗಿತ್ತು. ಕತ್ತರಿಸಿದೆ. ಬರೆದ ಬದಿಗಳನ್ನು ಒಂದಕ್ಕೊಂದು ಮೈದಾ ಅಂಟಿನಿಂದ ಅಂಟಿಸಿ, ಅಚ್ಚಾದ ಬದಿಗಳಿಗೆ ಗುಲಾಬಿ ಬಣ್ಣ ಬಳಿದು, ಸೌಟಿನ ಹಿಡಿಗೆ ಸುತ್ತಿ ಅಂಚು ಬಾಗಿಸಿದೆ. ಅಕ್ಷರಗಳೆಲ್ಲ ಒಳಗೆ ಹೋದವು. ಕೆಲಸ ಅಚ್ಚುಕಟ್ಟಾಗಿತ್ತು, ಸುಳ್ಳೇಕೆ ಹೇಳಲಿ.

ಮಾರನೆಯ ಸಂಜೆ ಮುತ್ತೈದೆಯರೆಲ್ಲ ತಾಂಬೂಲ ತೆಗೆದುಕೊಂಡು ಹೋದ ಮೇಲೆ ಪಿನ್ನಿಗಾರು ಒಬ್ಬರೇ ಬಂದರು. ತಾವರೆಯ ಒಂದು ದಳವನ್ನು ಬೆರಳಿನಿಂದ ಸವರಿದರು. "ನಿಜಂ ಪುವ್ವುಲಾನೇ ಉಂದಮ್ಮಾ." ನಿಜವಾದ ಹೂವಿನ ಹಾಗೇ ಇದೆಯಮ್ಮಾ. ನಾನು ನಾಚಿಕೊಂಡೆ — ಹೊಗಳಿಕೆಗೆ.

ಮಾಘದಲ್ಲಿ ನಿನ್ನ ಅಪ್ಪನ ಶ್ರಾದ್ಧ ಬಂತು. ಪ್ರತಿ ವರ್ಷ ಆ ದಿನ ಅಡುಗೆಯೆಲ್ಲ ಮುಗಿದ ಮೇಲೆ ಅವರು ಆ ಸುರುಳಿ ತೆಗೆದು ಒಂದೊಂದೇ ಹಾಳೆ ಓದುತ್ತಿದ್ದರಂತೆ. ಅದು ನನಗೆ ಗೊತ್ತಾದದ್ದು ಅವರು ನಮ್ಮ ಬಾಗಿಲಿಗೆ ಬಂದು ನಿಂತಾಗ. ತಲೆಗೂದಲಲ್ಲಿ ಅಟ್ಟದ ಜೇಡರಬಲೆ. ಆ ಪೇಪರುಗಳ ಜೊತೆ ಕ್ಯಾಲೆಂಡರಿನ ಸುರುಳಿಯೇನಾದರೂ ಕಾಣಿಸಿತೇ ಎಂದು ಕೇಳಿದರು. ಅನುಮಾನವಿರಲಿಲ್ಲ ಆ ಪ್ರಶ್ನೆಯಲ್ಲಿ, ಬರೀ ಆಸೆಯಿತ್ತು.

"ಲೇದು ಪಿನ್ನಿಗಾರು, ನೇನು ಚೂಡಲೇದಂಡಿ."

ಇಲ್ಲ, ನಾನು ನೋಡಲಿಲ್ಲ. ಅಲ್ಲಿಗೇ ಬಾಯಿ ಮುಚ್ಚಿದ್ದರೆ — ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರೂ ಕೇಳದಿದ್ದರೂ ಇನ್ನೊಂದು ಮಾತು ಸೇರಿಸಿದೆ. "ಮೊನ್ನ ಪದ್ಮಜ ಅಟಕ ಸರ್ದಿಂದಿ ಕದಂಡಿ." ಮೊನ್ನೆ ಪದ್ಮಜ ಅಟ್ಟ ಚೊಕ್ಕಟ ಮಾಡಿದಳಲ್ಲ. ಎಷ್ಟು ಸಹಜವಾಗಿ ಬಂತೆಂದರೆ, ನನಗೇ ಆಶ್ಚರ್ಯ.

ಮುಂದಿನದು ನಿನಗೆ ಗೊತ್ತು. ನೀನು ಅಳುತ್ತಾ ಆಣೆ ಹಾಕಿದೆ. ನಿನ್ನಪ್ಪನ ಕೊನೆಯ ಮಾತುಗಳನ್ನು ಕಸದ ಹಾಗೆ ಬಿಸಾಡಿದೆ ಎಂದು ನಿನ್ನಮ್ಮ ಕೂಗಿದರು. ಆ ಹೆಂಗಸು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಶನಿವಾರಗಳು ನಿಂತವು.

ಮನೆಯವರಿಗೆ ಹೇಳಿದೆ. ಅವರು ಚಪ್ಪಲಿ ಕಳಚುತ್ತಾ ಅಂದರು — "ಈಗ ಹೇಳಿ ಏನ ಮಾಡ್ತೀ? ಮೇ ತಿಂಗಳದಾಗ ವರ್ಗ ಆಗೇ ಆಗ್ತದ. ಊರು ಬಿಟ್ಟ ಮ್ಯಾಲೆ ಯಾರ ನೆನಪು ಯಾರಿಗೆ ಇರ್ತದ? ಸುಮ್ಮ ಕೂಡು." ಸುಮ್ಮನೆ ಕೂತೆ. ವರ್ಗದ ಜನ ನಾವು. ಒಡೆದ ಬಕೆಟ್ಟು, ಹರಿದ ಚಾಪೆ, ಮಾತು ಬಿಟ್ಟ ನೆರೆಯವರು — ಎಲ್ಲವನ್ನೂ ಹಳೆಯ ಊರಿನಲ್ಲೇ ಬಿಟ್ಟು ಲಾರಿ ಹತ್ತಿ ರೂಢಿ. ಪಾಪವೂ ಹಾಗೇ ಉಳಿದೀತು ಎಂದುಕೊಂಡಿದ್ದೆ. ಆದರೆ ಗೊಂಬೆ ಎತ್ತಿದ ಮೇಲೆ ನಮ್ಮ ಮನೆಗೆ ಬಂದಿದ್ದ ತಾವರೆಯನ್ನು ಸಾಮಾನು ಕಟ್ಟುವವರು ಹತ್ತಿಯಲ್ಲಿ ಸುತ್ತಿ ಜೋಪಾನವಾಗಿ ನಮ್ಮ ಜೊತೆ ಕಳಿಸಿಬಿಟ್ಟಿದ್ದರು.

ವಿಶಾಖಪಟ್ಟಣದ ಎಂವಿಪಿ ಕಾಲೋನಿಗೆ ಬಂದೆವು. ಸಮುದ್ರದ ಗಾಳಿಗೆ ಎರಡೇ ವರ್ಷದಲ್ಲಿ ದಳಗಳಿಗೆ ಬೂಷ್ಟು ಹಿಡಿಯಿತು. ಆಗ ನನಗೆ ಗಾಬರಿ ಶುರುವಾಯಿತು — ಉಳಿದಷ್ಟನ್ನಾದರೂ ಬಿಡಿಸಿ, ಜೋಡಿಸಿ, ಪಿನ್ನಿಗಾರಿಗೆ ಕಳಿಸಬೇಕೆಂದು. ದಳಗಳನ್ನು ಪರಾತದಲ್ಲಿ ನೀರಿಗೆ ಹಾಕಿದೆ. ಅಂಟು ಬಿಟ್ಟಿತು, ಅಕ್ಷರಗಳೂ ಬಿಟ್ಟವು. ಸ್ಕೆಚ್ ಪೆನ್ನಿನ ಬರವಣಿಗೆಗೆ ನೀರು ಆಗದು ಎಂಬುದು ಕಾಗದದ ಕೆಲಸ ಮಾಡುವ ನನಗೆ ಗೊತ್ತಿರಬೇಕಿತ್ತು. ನೀಲಿ ನೀರಿನ ಮುಂದೆ ಕೂತು ಅತ್ತೆ. ನಾಲ್ಕು ದಳಗಳಲ್ಲಿ ಅರ್ಧರ್ಧ ಅಕ್ಷರ ಉಳಿದಿತ್ತು. ಒಂದೂ ಮಾತಾಗುವ ಹಾಗಿರಲಿಲ್ಲ. ಕಳಿಸಲಿಲ್ಲ. ಫೋನೂ ಮಾಡಲಿಲ್ಲ.

ಹೋದ ವರ್ಷ ಪಿನ್ನಿಗಾರು ಹೋದರೆಂದು ಪಟಮಟದ ಹಳೆಯ ನೆರೆಯವರು ತಿಳಿಸಿದರು. ಬೆಳಗಿನ ರೈಲು ಹತ್ತಿದೆ. ಆ ನಾಲ್ಕು ದಳಗಳು ಕಾಜಾ ಮಿಠಾಯಿ ತುಂಬಿ ಬಂದಿದ್ದ ರಟ್ಟಿನ ಡಬ್ಬಿಯಲ್ಲಿದ್ದವು. ಎಲ್ಲವನ್ನೂ ಹೇಳಿ ನಿನ್ನ ಕಾಲು ಹಿಡಿಯುವುದೆಂದು ರಾಜಮಂಡ್ರಿ ದಾಟುವವರೆಗೂ ಬಾಯಿಪಾಠ ಮಾಡಿದೆ.

ನೀನು ನನ್ನನ್ನು ಕಂಡು ಓಡಿ ಬಂದು ತಬ್ಬಿಕೊಂಡೆ. ಅಮ್ಮ ಕೊನೆಯವರೆಗೂ ನನ್ನ ಜೊತೆ ಮಾತಾಡಲಿಲ್ಲ, ಆಸ್ಪತ್ರೆಯಲ್ಲೂ ಗೋಡೆಯ ಕಡೆ ತಿರುಗಿ ಮಲಗಿದ್ದರು ಎಂದೆ ನೀನು. ಆಮೇಲೆ ನನ್ನ ಎರಡೂ ಕೈ ಹಿಡಿದು ಕೇಳಿದೆ.

"ನಿಜಂ ಚೆಪ್ಪಂಡಿ ಆಂಟಿ. ಅಮ್ಮ ನನ್ನು ನಮ್ಮಿಂದಾ? ಮೀತೋ ಎಪ್ಪುಡೈನಾ ಅಂದಾ?"

ಅಮ್ಮ ನನ್ನನ್ನು ನಂಬಿದ್ದರಾ? ನಿಮ್ಮ ಹತ್ತಿರ ಯಾವತ್ತಾದರೂ ಅಂದಿದ್ದರಾ? ಡಬ್ಬಿ ನನ್ನ ತೊಡೆಯ ಮೇಲಿತ್ತು. ನಾನು ಅಂದೆ — "ನಮ್ಮಿಂದಮ್ಮಾ. ನಾತೋ ಚೆಪ್ಪಿಂದಿ." ನಂಬಿದ್ದರಮ್ಮಾ, ನನಗೆ ಹೇಳಿದ್ದರು.

ನೀನು ಆ ಡಬ್ಬಿಯ ಮೇಲೆಯೇ ಹಣೆಯಿಟ್ಟು ಅತ್ತೆ. ಅದು ಸಮಾಧಾನದ ಅಳು. ದಯೆಯಿಂದ ಹೇಳಿದೆ ಎಂದು ನಾನು ಅಂದುಕೊಳ್ಳಲಾರೆ, ಹೆದರಿ ಹೇಳಿದೆ. ಈಗ ಸತ್ಯ ಹೇಳಿದರೆ ನಿನ್ನ ಕೈಯಲ್ಲಿರುವ ಆ ಒಂದು ಮಾತನ್ನೂ ಕಿತ್ತುಕೊಂಡಂತೆ, ಹೇಳದಿದ್ದರೆ — ಹೇಳದಿದ್ದರೆ ನಾನು ಬೇಷಾಗಿಯೇ ಇರುತ್ತೇನೆ, ಅದೇ ತೊಂದರೆ.

ವಾರಕ್ಕೊಮ್ಮೆ ಫೋನ್ ಮಾಡುತ್ತೀಯ. ಊಟ, ಮಕ್ಕಳು, ಬಿಸಿಲು ಎಲ್ಲ ಮೊದಲು ಮುಗಿಯುತ್ತದೆ. ಆಮೇಲೆ, ಅಮ್ಮ ಏನಂದಿದ್ದರು, ಇನ್ನೊಮ್ಮೆ ಹೇಳಿ ಆಂಟಿ, ಎನ್ನುತ್ತೀಯ. ಒಂದೇ ವಾಕ್ಯವಿದ್ದದ್ದು ಈಗ ನಾಲ್ಕೈದಾಗಿದೆ. ನಿನ್ನಮ್ಮ ಹೇಗೆ ಕೂತಿದ್ದರು, ನಿನ್ನ ಹೆಸರು ಹೇಳುವಾಗ ದನಿ ಹೇಗಿತ್ತು ಎಂದೂ ಸೇರಿಸಿದ್ದೇನೆ.

ಕಳೆದ ವಾರವೂ ಕೇಳಿದೆ. ಕಳೆದ ವಾರವೂ ಹೇಳಿದೆ.